ಅಮ್ಮನ ಷಡ್ಜ, ನಾಲ್ಕು ಡಯೋಡು

"ಷಡ್ಜ ನಿಲ್ತಾ ಇಲ್ಲ ಕಣೋ."

ಅಮ್ಮ ಇದನ್ನು ಮೊದಲ ಸಲ ಹೇಳಿದಾಗ ನಾನು ಮೀಟಿಂಗಲ್ಲಿದ್ದೆ. ಕಿವಿಗೆ ಹೆಡ್‌ಫೋನು, ಎದುರಿಗೆ ಹದಿನಾರು ಪುಟ್ಟ ಪುಟ್ಟ ಮುಖ. ಮ್ಯೂಟಲ್ಲಿದೀನಾ ಅಂತ ಒಂದು ಸಲ ನೋಡ್ಕೊಂಡು, "ಆಮೇಲೆ ನೋಡ್ತೀನಮ್ಮ" ಅಂದೆ. ಆಮೇಲೆ ನೋಡಲಿಲ್ಲ.

ಎರಡನೇ ಸಲ ಹೇಳಿದ್ದು ಒಂದು ವಾರ ಬಿಟ್ಟು, ರಾತ್ರಿ ಊಟಕ್ಕೆ ಬಡಿಸುವಾಗ. "ಶ್ರುತಿ ಪೆಟ್ಟಿಗೇಲಿ ಏನೋ ಅಲೆ ಥರ ಬರುತ್ತೆ. ಸಾ ಹಿಡಿದು ನಿಂತ್ರೆ ಕೆಳಗಿಂದ ಯಾರೋ ಅಲ್ಲಾಡಿಸಿದ ಹಾಗೆ." ತಟ್ಟೆ ಬಿಟ್ಟು ಎದ್ದು ಹೋಗಿ ಪೆಟ್ಟಿಗೆ ಆನ್ ಮಾಡಿ ಅರ್ಧ ನಿಮಿಷ ಕೇಳಿದೆ. ಎಂದಿನ ಹಾಗೇ ಇತ್ತು.

"ಸರಿಯಾಗೇ ಇದೆಯಲ್ಲಮ್ಮ."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ನನ್ನ ಕಿವೀನೇ ಹೋಯ್ತೇನೋ" ಅಂದಳು. ನನಗೂ ಅದೇ ಸರಿ ಅನ್ನಿಸಿತು. ಅರವತ್ತನಾಲ್ಕು ವಯಸ್ಸು, ಕಿವಿ ಸ್ವಲ್ಪ ಮಂದ ಆಗೋದು ಸಹಜ ಅಲ್ವಾ?

ನಮ್ಮ ಮನೆ ಇರೋದು ಚಂದ್ರಾ ಲೇಔಟ್‌ನಲ್ಲಿ, 80 ಅಡಿ ರಸ್ತೆಯಿಂದ ಎರಡು ಕ್ರಾಸ್ ಒಳಗೆ. ಇಪ್ಪತ್ತೆರಡು ವರ್ಷದಿಂದ ಅಮ್ಮ ಹಾಲ್‌ನಲ್ಲಿ ಜಮಖಾನ ಹಾಸಿ ಮಕ್ಕಳಿಗೆ ಸಂಗೀತ ಹೇಳಿಕೊಡ್ತಾಳೆ. ಸರಳೆ, ಜಂಟಿ, ಅಲಂಕಾರ, ಗೀತೆ. ಸಂಜೆ ಐದೂವರೆಗೆ ಬಾಗಿಲ ಹತ್ತಿರ ಚಪ್ಪಲಿಗಳ ರಾಶಿ ಬೀಳುತ್ತೆ. ಮೂರು ವರ್ಷದ ಹಿಂದೆ ಅಪ್ಪ ಹೋದ ಮೇಲಂತೂ ಆ ಒಂದೂವರೆ ಗಂಟೆಯೇ ಅವಳ ದಿನ. ಉಳಿದ ಹೊತ್ತೆಲ್ಲ ಅದಕ್ಕೆ ಕಾಯೋದು. ನಾನು ಮನೆಯಲ್ಲೇ ಇರ್ತೀನಿ, ಆದರೆ ಬಾಗಿಲು ಹಾಕಿಕೊಂಡು ಇರ್ತೀನಿ. ವರ್ಕ್ ಫ್ರಮ್ ಹೋಮ್ ಮಾಡೋರಿಗೆ ಇದನ್ನು ವಿವರಿಸಬೇಕಿಲ್ಲ.

ಅವಳ ಕಿವಿ ಬಗ್ಗೆ ಮನೆಯಲ್ಲಿ ಒಂದು ಹಳೇ ಜೋಕಿತ್ತು. ನಮ್ಮ ಬೀದಿ ಮೂಲೆಯಲ್ಲಿ ಒಂದು ಟ್ರಾನ್ಸ್‌ಫಾರ್ಮರ್ ಇದೆ, ಸದಾ ಗುಂಯ್ ಅಂತಿರುತ್ತೆ. ಅದರ ಮುಂದೆ ತರಕಾರಿ ಚೀಲ ಹಿಡಿದು ಹೋಗುವಾಗಲೆಲ್ಲ ಅಮ್ಮ, "ಇದು ಐದು ಮನೆ ಶ್ರುತಿಗಿಂತ ಒಂಚೂರು ಮೇಲಿದೆ, ಒಂದೇ ಒಂದು ಚೂರು" ಅನ್ನೋಳು. ಅಪ್ಪ "ಹತ್ತಿ ಇಳಿಸಿ ಬಾ" ಅನ್ನೋರು. ನಾವೆಲ್ಲ ನಗೋದು.

ಸರಿ, ಕಿವಿ ಡಾಕ್ಟರ ಹತ್ತಿರ ಕರ್ಕೊಂಡು ಹೋದೆ. ಗಾಜಿನ ಕೋಣೆಯಲ್ಲಿ ಕೂರಿಸಿ, ಪೀಂ ಅಂದಾಗೆಲ್ಲ ಬಟನ್ ಒತ್ತಿಸಿದರು. ಕೊನೆಗೆ ಕೈಗೆ ಬಂದ ಗ್ರಾಫ್‌ನಲ್ಲಿ ಗೆರೆ 250 ಹರ್ಟ್ಸ್‌ನಿಂದ 2000ದ ತನಕ ನೆಟ್ಟಗಿತ್ತು, 4000ದಲ್ಲಿ ಇಳಿಯಲು ಶುರುವಾಗಿ 8000ದ ಹೊತ್ತಿಗೆ ಚೆನ್ನಾಗೇ ಇಳಿದಿತ್ತು. "ವಯಸ್ಸಿಗೆ ತಕ್ಕ ಹಾಗಿದೆ, ಗಾಬರಿ ಏನಿಲ್ಲ" ಅಂದರು ಡಾಕ್ಟರು. ಆಟೋದಲ್ಲಿ ಬರುವಾಗ ನಾನೂ "ನೋಡಿದ್ಯಾ, ವಯಸ್ಸು ಅಷ್ಟೇ" ಅಂದೆ. ಸಮಾಧಾನ ಮಾಡ್ತಿದೀನಿ ಅಂದ್ಕೊಂಡಿದ್ದೆ.

ಆ ಶನಿವಾರ ಕ್ಲಾಸ್ ಮುಗಿದ ಮೇಲೆ ಅವಳು ಮಕ್ಕಳ ಅಮ್ಮಂದಿರ ಹತ್ತಿರ ಮಾತಾಡ್ತಿದ್ದದ್ದು ನನ್ನ ರೂಮಿಗೆ ಕೇಳಿಸಿತು. "ದಸರಾ ತನಕ ಮಾಡ್ತೀನಿ. ಆಮೇಲೆ ಬೇರೆ ಕಡೆ ಸೇರಿಸಿಬಿಡಿ. ಶ್ರುತಿನೇ ಕೇಳಿಸದೋಳು ಮಕ್ಕಳಿಗೆ ಏನು ಹೇಳಿಕೊಡೋದು?"

ನಾನು ಹೊರಗೆ ಬರಲಿಲ್ಲ. ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ.

ಮುಂದಿನ ವಾರ ಒಂದು ಸಂಜೆ ಮಳೆ ಬಂದು ಕರೆಂಟ್ ಹೋಯ್ತು. ನಮ್ಮ ಮನೆ ಯುಪಿಎಸ್ ಇರೋದು ಲೈಟು, ಫ್ಯಾನು ಮತ್ತು ನನ್ನ ವೈಫೈಗೆ. ಹಾಲ್‌ನ ಪ್ಲಗ್ ಪಾಯಿಂಟ್‌ಗೆ ಇಲ್ಲ. ಅಮ್ಮ ಎಂದಿನಂತೆ ಅಡಾಪ್ಟರ್ ಪಿನ್ ಕಿತ್ತು, ಶ್ರುತಿ ಪೆಟ್ಟಿಗೆಯನ್ನು ಸೆಲ್ ಮೇಲೆ ಹಾಕಿದಳು. ಸಾ ಹಿಡಿದಳು. ಪಾ ಮುಟ್ಟಿ ಮತ್ತೆ ಸಾಗೆ ಬಂದಳು. ಆಮೇಲೆ ಹಾಡೋದು ನಿಲ್ಲಿಸಿ ನನ್ನನ್ನು ಕೂಗಿದಳು.

"ಬಾರೋ ಇಲ್ಲಿ. ಈಗ ನಿಂತಿದೆ."

ಹೆಡ್‌ಫೋನ್ ತೆಗೆದಿಟ್ಟು ಹೋದೆ. ಕರೆಂಟ್ ಬರುವ ತನಕ ಪಕ್ಕದಲ್ಲೇ ಕೂತೆ. ಬಂದ ಮೇಲೆ ಅವಳು ಪಿನ್ ಹಾಕಿದಳು, ಕಿತ್ತಳು, ಮತ್ತೆ ಹಾಕಿದಳು. ಆಗ ಮೊದಲ ಬಾರಿಗೆ ನನಗೂ ಕೇಳಿಸಿತು. ಪಿನ್ ಹಾಕಿದಾಗ ಷಡ್ಜದ ಅಡಿಯಲ್ಲಿ ಸಣ್ಣ ಗುಂಯ್, ಅದರ ಮೇಲೆ ಸೆಕೆಂಡಿಗೆ ಮೂರು ನಾಲ್ಕು ಸಲ ಏರಿ ಇಳಿಯೋ ಒಂದು ತೂಗಾಟ. ಪಿನ್ ಕಿತ್ತರೆ ಇಲ್ಲ. ಕಿವಿ ಹಾಳಾಗಿದ್ದರೆ ಪಿನ್ ಕಿತ್ತಾಗ ಸರಿ ಹೋಗುತ್ತಾ?

ಈಗ ಇನ್ನೊಂದು ವಿಷಯ ಒಪ್ಪಿಕೊಳ್ಳಬೇಕು. ನಾನು ಓದಿದ್ದು ಎಲೆಕ್ಟ್ರಾನಿಕ್ಸ್. ನಾಲ್ಕು ವರ್ಷ. ಫುಲ್ ವೇವ್ ರೆಕ್ಟಿಫೈಯರ್ ಚಿತ್ರವನ್ನು ಇಂಟರ್ನಲ್ಸ್‌ನಲ್ಲಿ, ಲ್ಯಾಬಲ್ಲಿ, ವೈವಾದಲ್ಲಿ ಎಷ್ಟು ಸಲ ಬರೆದಿದ್ದೀನೋ ಲೆಕ್ಕ ಇಲ್ಲ. ಕ್ಯಾಂಪಸ್‌ನಲ್ಲಿ ಸಾಫ್ಟ್‌ವೇರ್ ಕೆಲಸ ಸಿಕ್ಕ ದಿನ ಅದನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿದ್ದೆ. ಆ ಚಿತ್ರ ನಮ್ಮ ಮನೆ ಹಾಲ್‌ನಲ್ಲೇ, ಒಂದು ಕಪ್ಪು ಡಬ್ಬಿಯೊಳಗೆ ಕೂತಿದೆ ಅಂತ ಹೊಳೆದೇ ಇರಲಿಲ್ಲ.

ವಿಷಯ ಇಷ್ಟು. ಗೋಡೆಯ ಪ್ಲಗ್‌ನಲ್ಲಿ ಬರೋದು ಎಸಿ. ಸೆಕೆಂಡಿಗೆ ಐವತ್ತು ಸಲ ಹಿಂದೆ ಮುಂದೆ ಓಡಾಡೋ ಕರೆಂಟು. ಹಾಗೇಕೆ ಅಂದರೆ ದೂರ. ಟ್ರಾನ್ಸ್‌ಫಾರ್ಮರ್ ಹಾಕಿ ಎಸಿಯ ವೋಲ್ಟೇಜನ್ನು ಸುಲಭವಾಗಿ ಏರಿಸಬಹುದು. ವೋಲ್ಟೇಜ್ ಹೆಚ್ಚಿದ್ದಷ್ಟೂ ಅಷ್ಟೇ ಪವರ್‌ಗೆ ಕರೆಂಟ್ ಕಡಿಮೆ ಸಾಕು, ತಂತಿಯಲ್ಲಿ ಬಿಸಿಯಾಗಿ ಹೋಗೋದೂ ಕಡಿಮೆ. 1902ರಲ್ಲಿ ಶಿವನಸಮುದ್ರದ ಕರೆಂಟು ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋದದ್ದು ಹೀಗೇ. 1905ರಲ್ಲಿ ಬೆಂಗಳೂರಿಗೆ ದೀಪ ಬಂದದ್ದೂ ಅದೇ ಶಿವನಸಮುದ್ರದಿಂದ.

ಆದರೆ ಶ್ರುತಿ ಪೆಟ್ಟಿಗೆಯೊಳಗಿನ ಚಿಪ್ಪಿಗೆ ಈ ಹಿಂದೆ ಮುಂದೆ ಓಡಾಟ ಆಗೋದಿಲ್ಲ. ಅದಕ್ಕೆ ಬೇಕಾದ್ದು ಸೆಲ್‌ನಿಂದ ಬರುವಂಥ ಕರೆಂಟು, ಒಂದೇ ದಿಕ್ಕಿನದು. ಅದೇ ಡಿಸಿ. ನಿಮ್ಮ ಫೋನು, ಲ್ಯಾಪ್‌ಟಾಪು, ರೂಟರು, ಎಲ್ಲಕ್ಕೂ ಹೀಗೇ. ಹಾಗಾಗಿ ಚಾರ್ಜರ್ ಅನ್ನೋ ಪ್ರತಿ ಡಬ್ಬಿಯಲ್ಲೂ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಒಂದು ಇರಲೇಬೇಕು.

ಇದರ ಜೀವ ಡಯೋಡು. ಮನೆಯಲ್ಲಿ ಸಂಪ್ ಇದ್ದರೆ ಮೋಟರ್ ಪೈಪಿನ ಬುಡದಲ್ಲಿ ಫುಟ್ ವಾಲ್ವ್ ಇರುತ್ತಲ್ಲ, ನೀರು ಮೇಲೆ ಹೋಗಬಹುದು, ವಾಪಸ್ ಇಳಿಯೋ ಹಾಗಿಲ್ಲ. ಡಯೋಡ್ ಕರೆಂಟಿಗೆ ಅಂಥ ವಾಲ್ವ್. ಒಂದೇ ಒಂದು ಡಯೋಡ್ ಹಾಕಿದರೆ ಮುಂದೆ ಬರುವ ಕರೆಂಟ್ ಮಾತ್ರ ಒಳಗೆ ಬರುತ್ತೆ. ಹಿಂದೆ ಹೋಗುವ ಸರದಿ ಬಂದಾಗ ಬಾಗಿಲು ಬಂದ್. ದಿಕ್ಕೇನೋ ಒಂದೇ ಆಯಿತು, ಆದರೆ ಅರ್ಧ ಹೊತ್ತು ಏನೂ ಬರೋದಿಲ್ಲ. ಇದು ಹಾಫ್ ವೇವ್.

ಫುಲ್ ವೇವ್‌ನ ಜಾಣತನ ಇರೋದು ಇಲ್ಲಿ: ಆ ಹಿಂದಿನ ಅರ್ಧವನ್ನು ಅದು ಬಿಸಾಕೋದಿಲ್ಲ, ತಿರುಗಿಸಿ ಇದೇ ದಾರಿಗೆ ಹಾಕುತ್ತೆ. ನಾಲ್ಕು ಡಯೋಡ್‌ಗಳನ್ನು ಒಂದು ಚೌಕದ ನಾಲ್ಕು ಬದಿಗಳ ಹಾಗೆ ಜೋಡಿಸ್ತಾರೆ. ಎದುರುಬದುರು ಎರಡು ಮೂಲೆಗೆ ಎಸಿ ಕೊಡ್ತಾರೆ, ಉಳಿದ ಎರಡು ಮೂಲೆಯಿಂದ ಡಿಸಿ ತಗೊಳ್ತಾರೆ. ಕರೆಂಟ್ ಈ ಕಡೆಯಿಂದ ಬಂದರೆ ಒಂದು ಜೋಡಿ ಡಯೋಡ್ ದಾರಿ ಬಿಡುತ್ತೆ, ಆ ಕಡೆಯಿಂದ ಬಂದರೆ ಇನ್ನೊಂದು ಜೋಡಿ. ಒಳಗೆ ಯಾವ ಬಾಗಿಲಿಂದ ಬಂದರೂ ಹೊರಗೆ ಹೋಗೋದು ಮಾತ್ರ ಒಂದೇ ಬಾಗಿಲಿಂದ. ಜಾತ್ರೆಯಲ್ಲಿ ಪೂರ್ವದ ಗೇಟಿಂದ ಬಂದವರನ್ನೂ ಪಶ್ಚಿಮದ ಗೇಟಿಂದ ಬಂದವರನ್ನೂ ಹಗ್ಗ ಕಟ್ಟಿ ಒಂದೇ ದರ್ಶನದ ಸಾಲಿಗೆ ತಿರುಗಿಸ್ತಾರಲ್ಲ, ಹಾಗೆ. ಈ ಸರ್ಕ್ಯೂಟಿಗೆ 1895ರಲ್ಲೇ ಪೇಟೆಂಟ್ ತಗೊಂಡವನು ಪೋಲೆಂಡಿನ ಕರೋಲ್ ಪೊಲ್ಲಾಕ್. ಎರಡು ವರ್ಷದ ನಂತರ ಜರ್ಮನಿಯ ಲಿಯೋ ಗ್ರೇಟ್ಸ್ ತಾನಾಗಿಯೇ ಅದನ್ನು ಕಂಡುಕೊಂಡು ಪ್ರಕಟಿಸಿದ, ಹೆಸರು ಅವನದೇ ನಿಂತಿತು. ಟ್ರಾನ್ಸ್‌ಫಾರ್ಮರ್‌ಗೆ ನಡುವೆ ಒಂದು ತಂತಿ ತೆಗೆದುಕೊಂಡರೆ ಎರಡೇ ಡಯೋಡಲ್ಲೂ ಫುಲ್ ವೇವ್ ಮಾಡಬಹುದು. ಅಂಗಡಿಯಲ್ಲಿ 12-0-12 ಅಂತ ಕೇಳೋ ಟ್ರಾನ್ಸ್‌ಫಾರ್ಮರ್ ಅದಕ್ಕೇ.

ಇಷ್ಟಾದರೂ ಬರುವ ಕರೆಂಟು ಸಮತಟ್ಟಲ್ಲ. ಒಂದಾದ ಮೇಲೊಂದು ಗುಡ್ಡದ ಹಾಗೆ ಏರಿ ಇಳೀತಾ ಬರುತ್ತೆ. ಅದನ್ನು ಸಮ ಮಾಡೋಕೆ ಒಂದು ಕೆಪಾಸಿಟರ್. ಅದು ಓವರ್‌ಹೆಡ್ ಟ್ಯಾಂಕ್ ಅಂದ್ಕೊಳ್ಳಿ. ನಲ್ಲೀಲಿ ನೀರು ಬಂದಾಗ ತುಂಬಿಕೊಳ್ಳುತ್ತೆ, ನಿಂತಾಗ ಮನೆಗೆ ಬಿಡುತ್ತೆ. ಟ್ಯಾಂಕಿನ ಮಟ್ಟ ಒಂದಿಷ್ಟು ಏರಿಳಿಯುತ್ತೆ, ಆ ಏರಿಳಿತಕ್ಕೆ ರಿಪಲ್ ಅಂತಾರೆ. ಫುಲ್ ವೇವ್ ಆದರೆ ಟ್ಯಾಂಕು ಸೆಕೆಂಡಿಗೆ ನೂರು ಸಲ ತುಂಬುತ್ತೆ. ಹಾಫ್ ವೇವ್ ಆದರೆ ಐವತ್ತೇ ಸಲ. ದಿನಾ ಬರ್ತಿದ್ದ ಕಾವೇರಿ ನೀರು ದಿನ ಬಿಟ್ಟು ದಿನ ಬಂದ ಹಾಗೆ. ಟ್ಯಾಂಕು ಅದೇ, ಮನೆಯ ಖರ್ಚೂ ಅದೇ, ಆದರೆ ಮಟ್ಟ ಎರಡರಷ್ಟು ಕೆಳಗಿಳಿಯುತ್ತೆ. ಲೆಕ್ಕ ಬೇಕಾದವರಿಗೆ: 1000 ಮೈಕ್ರೋಫ್ಯಾರಡ್ ಕೆಪಾಸಿಟರ್, 100 ಮಿಲಿ ಆಂಪಿಯರ್ ಖರ್ಚು ಇದ್ದರೆ, ಫುಲ್ ವೇವ್‌ನಲ್ಲಿ ಏರಿಳಿತ ಸುಮಾರು 1 ವೋಲ್ಟ್, ಹಾಫ್ ವೇವ್‌ನಲ್ಲಿ 2 ವೋಲ್ಟ್.

ಅಮ್ಮನ ಅಡಾಪ್ಟರ್ ಹಳೇ ಕಾಲದ್ದು, ಕೈಯಲ್ಲಿ ಹಿಡಿದರೆ ಇಟ್ಟಿಗೆ ಚೂರಿನ ಭಾರ. ಬಿಚ್ಚುವ ಮೊದಲು ಫೋನ್‌ಗೆ ಧ್ವನಿಯ ಸ್ಪೆಕ್ಟ್ರಮ್ ತೋರಿಸುವ ಆಪ್ ಒಂದನ್ನು ಹಾಕಿಕೊಂಡು ಸ್ಪೀಕರ್ ಹತ್ತಿರ ಹಿಡಿದೆ. ಅಮ್ಮನ ಷಡ್ಜ 196ರಲ್ಲಿ ಎದ್ದು ನಿಂತಿತ್ತು. ಅವಳದು ಐದು ಮನೆ ಶ್ರುತಿ, ಹಾರ್ಮೋನಿಯಂ ಲೆಕ್ಕದಲ್ಲಿ ಜಿ. ಅದರ ಜೊತೆ 100ರಲ್ಲಿ, 150ರಲ್ಲಿ, 200ರಲ್ಲಿ ಸಣ್ಣ ಸಣ್ಣ ಕಡ್ಡಿಗಳು. 50ರ ಸದ್ದನ್ನು ಆ ಪುಟ್ಟ ಸ್ಪೀಕರ್ ಸರಿಯಾಗಿ ಹೊರಡಿಸಲಾರದು, ಅದರ ಮಡಿಗಳು ಕೇಳಿಸ್ತಿದ್ದವು. ಆ 150 ನೋಡಿ ನನಗೆ ಎದೆ ಧಸಕ್ ಅಂತು. ಫುಲ್ ವೇವ್ ಸರಿಯಿದ್ದರೆ ಬರಬೇಕಾದ್ದು 100, 200, 300. ನಡುವೆ 150 ಇದೆ ಅಂದರೆ ಒಳಗೆ ಎಲ್ಲೋ ಅರ್ಧ ಅಲೆ ಬರ್ತಾನೇ ಇಲ್ಲ.

ಇನ್ನು ಅಮ್ಮ ಹೇಳ್ತಿದ್ದ ಅಲೆ? 196 ಅವಳ ಷಡ್ಜ, 200 ಅಡಾಪ್ಟರಿನದು. ಎರಡರ ನಡುವೆ ವ್ಯತ್ಯಾಸ ನಾಲ್ಕು. ತಂಬೂರಿಯ ಎರಡು ತಂತಿ ಸರಿಯಾಗಿ ಸೇರದೆ ಇದ್ದಾಗ ವಾಂವ್ ವಾಂವ್ ಅಂತ ತೂಗುತ್ತಲ್ಲ, ಅದೇ ಇದು, ಸೆಕೆಂಡಿಗೆ ನಾಲ್ಕು ಸಲ. "ಕೆಳಗಿಂದ ಯಾರೋ ಅಲ್ಲಾಡಿಸಿದ ಹಾಗೆ" ಅಂದಿದ್ದಳು. ಇಷ್ಟು ಕರಾರುವಾಕ್ಕಾದ ಬಗ್ ರಿಪೋರ್ಟ್ ಆಫೀಸಲ್ಲಿ ನನಗೆ ಯಾರೂ ಕೊಟ್ಟಿಲ್ಲ.

ಆಗಲೇ ಬೀದಿ ಮೂಲೆಯ ಟ್ರಾನ್ಸ್‌ಫಾರ್ಮರೂ ನೆನಪಾಯಿತು. ಐವತ್ತು ಹರ್ಟ್ಸ್ ಕರೆಂಟಿನ ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನೋದು 100ರಲ್ಲಿ. ಐದು ಮನೆಯ ಮಂದ್ರ ಷಡ್ಜ 98. ಒಂಚೂರು ಮೇಲೆ, ಒಂದೇ ಒಂದು ಚೂರು. ಇಪ್ಪತ್ತು ವರ್ಷ ನಾವು ನಕ್ಕಿದ್ದು ಸರಿಯಾದ ಮಾತಿಗೆ. ಆ ಕಿವಿ ಪರೀಕ್ಷೆಯ ಗ್ರಾಫೂ ನೆನಪಾಯಿತು. ಅದು ಶುರುವಾಗೋದೇ 250ರಿಂದ. ಅಮ್ಮನ ದೂರು ಇದ್ದದ್ದು ಅದಕ್ಕಿಂತ ಕೆಳಗೆ. ಗೆರೆ ಇಳಿದದ್ದು 4000ದ ಮೇಲೆ. ಎರಡಕ್ಕೂ ಸಂಬಂಧವೇ ಇರಲಿಲ್ಲ. ಇದು ಗೊತ್ತಿರಬೇಕಾದ್ದು ಯಾರಿಗೆ, ಹೇಳಿ?

ಅಡಾಪ್ಟರ್ ಬಿಚ್ಚಿ, ಮಲ್ಟಿಮೀಟರಲ್ಲಿ ನಾಲ್ಕೂ ಡಯೋಡ್ ನೋಡಿದೆ. ನಾಲ್ಕೂ 0.6 ತೋರಿಸಿದವು. ನಾಲ್ಕೂ ಸರಿ ಇವೆ! ತಲೆಬುಡ ಅರ್ಥ ಆಗದೆ ಮೂಡಲಪಾಳ್ಯದ ಕಡೆ ಇರೋ ಒಬ್ಬರು ಟಿವಿ ರಿಪೇರಿಯವರ ಹತ್ತಿರ ಹೋದೆ. ಈಗ ಅವರ ಟೇಬಲ್ ಮೇಲೆ ಟಿವಿಗಿಂತ ಮಿಕ್ಸಿಗಳೇ ಜಾಸ್ತಿ. ಬೋರ್ಡನ್ನು ಒಂದು ಸಲ ತಿರುಗಿಸಿ ನೋಡಿ, "ಬೋರ್ಡ್ ಮೇಲಿಟ್ಟು ನೋಡಿದ್ರೆ ಸುಳ್ಳು ಹೇಳುತ್ತೆ ಸಾರ್. ಒಂದೊಂದು ಕಾಲು ಎತ್ತಿ ನೋಡಿ" ಅಂದರು. ಸತ್ತ ಡಯೋಡಿನ ಬದಲು ಮೀಟರಿನ ಕರೆಂಟು ಟ್ರಾನ್ಸ್‌ಫಾರ್ಮರ್ ಸುರುಳಿ ಸುತ್ತಿ, ಪಕ್ಕದ ಡಯೋಡಿನ ಮೂಲಕ ಹೋಗಿ ಬರ್ತಿತ್ತು. ಒಂದು ಕಾಲಿನ ಬೆಸುಗೆ ಬಿಡಿಸಿದ ಮೇಲೆ ನಿಜ ಹೊರಬಿತ್ತು. ಮೂರು ಸರಿ. ಮೂರನೆಯದರ ಪಕ್ಕದ್ದು ಎರಡೂ ದಿಕ್ಕಲ್ಲಿ ಬಂದ್.

ಶನಿವಾರ ಎಸ್‌ಪಿ ರೋಡಿಗೆ ಹೋದೆ. ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಗ್ರೀನ್ ಲೈನಿಗೆ ಬದಲಾಯಿಸಿ, ಚಿಕ್ಕಪೇಟೆಯಲ್ಲಿ ಇಳಿದು ನಡೆದೆ. 2015ರಲ್ಲಿ ಅತ್ತಿಗುಪ್ಪೆಗೆ ಮೆಟ್ರೋ ಬಂದಾಗಿನಿಂದ ಓಡಾಡ್ತಿದ್ದೀನಿ, ರೈಲಿನ ಪಕ್ಕ ಇರೋ ಮೂರನೇ ಹಳಿಯನ್ನು ಅವತ್ತೇ ಸರಿಯಾಗಿ ನೋಡಿದ್ದು. ಅದರಲ್ಲಿ ಹರಿಯೋದು 750 ವೋಲ್ಟ್ ಡಿಸಿ. ಗ್ರಿಡ್‌ನಿಂದ ಬರೋದು ಎಸಿನೇ. ದಾರಿಯುದ್ದಕ್ಕೂ ಇರುವ ಸಬ್‌ಸ್ಟೇಷನ್‌ಗಳಲ್ಲಿ ಟ್ರಾನ್ಸ್‌ಫಾರ್ಮರಿನಲ್ಲಿ ಇಳಿಸಿ, ರೆಕ್ಟಿಫೈಯರಿನಲ್ಲಿ ತಿರುಗಿಸಿ ಹಳಿಗೆ ಬಿಡ್ತಾರೆ. ಅಮ್ಮನ ಅಡಾಪ್ಟರ್ ಮಾಡೋ ಕೆಲಸವೇ, ಮೂರು ಫೇಸ್‌ನಲ್ಲಿ, ಆನೆ ಗಾತ್ರದಲ್ಲಿ.

ನಾಲ್ಕು 1ಎನ್4007 ಡಯೋಡು, ಒಂದು ಕೆಪಾಸಿಟರ್ ತಗೊಂಡೆ. ಹೋಗಿ ಬರೋ ಮೆಟ್ರೋ ಟಿಕೆಟ್ಟೇ ಅದಕ್ಕಿಂತ ಜಾಸ್ತಿ ಆಯ್ತು. ಒಂದು ಎಚ್ಚರಿಕೆ ಮಾತು: ಇದನ್ನೋದಿ ಹುಮ್ಮಸ್ಸಿನಲ್ಲಿ ಲ್ಯಾಪ್‌ಟಾಪ್ ಚಾರ್ಜರ್ ಬಿಚ್ಚೋಕೆ ಹೋಗಬೇಡಿ. ಈಗಿನ ಹಗುರ ಚಾರ್ಜರ್‌ಗಳಲ್ಲಿ 230 ವೋಲ್ಟನ್ನು ನೇರವಾಗಿ ರೆಕ್ಟಿಫೈ ಮಾಡ್ತಾರೆ, ಒಳಗಿನ ಕೆಪಾಸಿಟರಲ್ಲಿ 325 ವೋಲ್ಟ್ ತನಕ ಕೂತಿರುತ್ತೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು.

ಹತ್ತು ವರ್ಷದ ನಂತರ ಬೆಸುಗೆ ಕಡ್ಡಿ ಹಿಡಿದೆ. ಕೈ ನಡುಗಿತು, ಹೊಗೆ ಬಂತು, ಒಂದು ಡಯೋಡ್ ತಿರುಗುಮುರುಗು ಇಟ್ಟು ಮತ್ತೆ ತೆಗೆದೆ. ಕರೆಂಟ್ ಕೊಡೋ ಮೊದಲು ಬಿಳಿ ಪಟ್ಟಿಗಳ ದಿಕ್ಕು ಮೂರು ಸಲ ನೋಡಿಕೊಂಡೆ. ಎಲ್ಲ ಮುಚ್ಚಿ, ಏನೂ ಹೇಳದೆ ಅಡಾಪ್ಟರನ್ನು ಹಾಲ್‌ನ ಪ್ಲಗ್‌ಗೆ ಹಾಕಿ ಬಂದೆ.

ಸಂಜೆ ಅಮ್ಮ ಕ್ಲಾಸಿಗೆ ಮುಂಚೆ ಪೆಟ್ಟಿಗೆ ಆನ್ ಮಾಡಿದಳು. ಸಾ. ಪಾ. ಮೇಲಿನ ಸಾ. ಮತ್ತೆ ಇಳಿದು ಆಧಾರ ಷಡ್ಜಕ್ಕೆ ಬಂದು ತುಂಬಾ ಹೊತ್ತು ನಿಂತಳು. ಉಸಿರು ಮುಗಿಯೋ ತನಕ. ಆಮೇಲೆ ರೂಮಿನ ಬಾಗಿಲ ಹತ್ತಿರ ಬಂದು, "ಏನು ಮಾಡಿದೆ ಅದಕ್ಕೆ?" ಅಂತ ಕೇಳಿದಳು.

"ಒಂದು ಡಯೋಡ್ ಹೋಗಿತ್ತಮ್ಮ. ನಿನ್ನ ಕಿವಿ ಸರಿಯಾಗಿದೆ. ನೀನು ಹೇಳಿದ್ದೇ ಸರಿ."

"ನಾನು ಮೊದಲೇ ಹೇಳಿದ್ನಲ್ಲೋ" ಅಂದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸುಲಭ ಆಗ್ತಿತ್ತು.

ಅವಳು ಅವತ್ತು ಹೇಳಿದ್ದು ಎರಡು ಮಾತು. ಷಡ್ಜ ನಿಲ್ತಾ ಇಲ್ಲ ಅನ್ನೋದು ಒಂದು, ನನ್ನ ಕಿವಿ ಹೋಯ್ತೇನೋ ಅನ್ನೋದು ಇನ್ನೊಂದು. ನನಗೆ ಅನುಕೂಲ ಇದ್ದ ಎರಡನೆಯದನ್ನು ಮಾತ್ರ ಒಳಗೆ ಬಿಟ್ಟುಕೊಂಡೆ, ಮೊದಲನೆಯದಕ್ಕೆ ಬಾಗಿಲು ಹಾಕಿದೆ. ಹಾಫ್ ವೇವ್ ಅಂದರೆ ಏನು ಅಂತ ಈಗ ವೈವಾದಲ್ಲಿ ಕೇಳಿದರೆ ಚೆನ್ನಾಗಿ ಹೇಳ್ತೀನಿ.

ಕ್ಲಾಸು ನಿಂತಿಲ್ಲ. ಆದರೆ ಹನ್ನೊಂದು ಮಕ್ಕಳಲ್ಲಿ ಮೂವರು ಅಷ್ಟರಲ್ಲಿ ಬೇರೆ ಕಡೆ ಸೇರಿಬಿಟ್ಟಿದ್ದರು. ಅದರಲ್ಲೊಬ್ಬಳು ವರ್ಣದ ತನಕ ಬಂದಿದ್ದ ಹುಡುಗಿ, ಅಮ್ಮನಿಗೆ ತುಂಬಾ ಇಷ್ಟದವಳು. ಅವಳು ವಾಪಸ್ ಬಂದಿಲ್ಲ. ಅದನ್ನು ಎಸ್‌ಪಿ ರೋಡಿಗೆ ಹೋಗಿ ಸರಿ ಮಾಡೋಕಾಗಲ್ಲ.

ಹೋದ ವಾರ ಮತ್ತೆ ಕೂಗಿದಳು. "ಫ್ರಿಡ್ಜಿಂದ ಏನೋ ಹೊಸ ಸದ್ದು ಬರ್ತಿದೆ ಕಣೋ, ಬಂದು ಕೇಳು." ನಾನು ಕಾಲ್‌ನಲ್ಲಿದ್ದೆ. "ಒಂದು ನಿಮಿಷ, ಅಮ್ಮ ಕರೀತಿದಾರೆ" ಅಂತ ಹೇಳಿ ಎದ್ದು ಹೋದೆ.